ಮನೆಯ ಒಂದು ಸಾದಾ ದಿನವನ್ನು ಮದುವೆಯ ಹಾಗೆ ಫೋಟೊ ತೆಗೆಯುವುದು ಹೇಗೆ?

ಮದುವೆ ಫೋಟೊ ತೆಗೆಯುವ ನಮ್ಮ ಸ್ಟುಡಿಯೊಗೆ ತಿಂಗಳಿಗೆ ಒಬ್ಬರಾದರೂ ಒಂದೇ ಥರದ ಕೆಲಸ ಹಿಡಿದು ಬರುತ್ತಾರೆ. ಮೊಬೈಲ್ ಮುಂದಿಟ್ಟು, "ಇದರಲ್ಲಿ ಅಮ್ಮನ ಮುಖ ಮಾತ್ರ ತೆಗೆದು ದೊಡ್ಡದು ಮಾಡಿಕೊಡಿ" ಅನ್ನುತ್ತಾರೆ. ಯಾರದೋ ಮದುವೆಯ ಗ್ರೂಪ್ ಫೋಟೊ. ಮೂರನೇ ಸಾಲಿನಲ್ಲಿ ಅಮ್ಮ, ಅರ್ಧ ಮುಖ ಯಾರದೋ ಪೇಟದ ಹಿಂದೆ. ಹಾರ ಹಾಕಲು ಫೋಟೊ ಬೇಕು, ನಾಳೆಯೇ ಬೇಕು. ಮೊಬೈಲ್‌ನಲ್ಲಿ ಸಾವಿರಾರು ಫೋಟೊ ಇರುತ್ತವೆ. ಅಮ್ಮ ಮನೆಯಲ್ಲಿ ದಿನಾ ಇರುವ ಹಾಗೆ ಇರುವ ಒಂದೂ ಸಿಗುವುದಿಲ್ಲ.

ಮನೆಯಲ್ಲಿ ತೆಗೆದ ಫೋಟೊ ಸಿಕ್ಕರೂ ಕತ್ತಲಾಗಿರುತ್ತದೆ, ಇಲ್ಲವೇ ಅಲುಗಿರುತ್ತದೆ, ಇಲ್ಲವೇ "ಇಲ್ಲಿ ನೋಡಿ" ಅಂದದ್ದಕ್ಕೆ ಮುಖ ಬಿಗಿದುಕೊಂಡಿರುತ್ತದೆ. ಒಳ್ಳೆಯ ಫೋನ್ ಕೊಂಡವರೂ ಇದೇ ತಪ್ಪು ಮಾಡುತ್ತಾರೆ. ಮದುವೆಯಲ್ಲಿ ನಾವು ಯಾವ ಕ್ರಮದಲ್ಲಿ ಕೆಲಸ ಮಾಡುತ್ತೇವೋ ಅದನ್ನೇ ಮನೆಗೆ ತಂದರೆ ಇವು ಮುಕ್ಕಾಲು ಪಾಲು ಸರಿಹೋಗುತ್ತವೆ. ಆಷಾಢದಲ್ಲಿ ನಮಗೆ ಮದುವೆ ಇರುವುದಿಲ್ಲ, ನಾನು ನನ್ನ ಮನೆಯ ಫೋಟೊ ತೆಗೆಯುವುದು ಆಗಲೇ. ಬಿಡುವು ಇರುತ್ತದೆ ಅನ್ನುವುದು ಒಂದು ಕಾರಣ. ಮೋಡ ಕವಿದಿರುತ್ತದೆ ಅನ್ನುವುದು ಇನ್ನೂ ದೊಡ್ಡ ಕಾರಣ, ಅದನ್ನು ಮುಂದೆ ಹೇಳುತ್ತೇನೆ.

ಬೇಕಾಗುವ ಸಾಮಾನು

ಒಂದು ಫೋನ್ ಸಾಕು. ಕ್ಯಾಮೆರಾ ಇದ್ದರೆ 35 ಎಂಎಂ ಅಥವಾ 50 ಎಂಎಂ, ಎಫ್ 1.8 ಲೆನ್ಸ್ ಹಾಕಿ. ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸ್ ಒಳಗೆ ಹೆಚ್ಚು ಬೆಳಕು ಬರುತ್ತದೆ. ಕ್ಯಾಮೆರಾ ಜೊತೆ ಬಂದ 18-55 ಲೆನ್ಸ್‌ಗೆ ಅಡುಗೆ ಮನೆಯ ಬೆಳಕು ಸಾಲುವುದಿಲ್ಲ. ಮೆತ್ತಗಿನ ಹತ್ತಿ ಬಟ್ಟೆ ಒಂದು, ಬಿಳಿ ಪಂಚೆ ಅಥವಾ ಬೆಡ್‌ಶೀಟ್ ಒಂದು, ಚಿಕ್ಕ ನೋಟ್‌ಬುಕ್ಕು, ಕಾಪಿ ಮಾಡಲು ಒಂದು ಹಾರ್ಡ್ ಡಿಸ್ಕ್ ಅಥವಾ ಪೆನ್‌ಡ್ರೈವ್. ಫ್ಲ್ಯಾಶ್ ಬೇಡ. ಟ್ರೈಪಾಡ್ ಆರನೇ ಹಂತಕ್ಕೆ ಬೇಕಾದೀತು, ಇಲ್ಲದಿದ್ದರೆ ಡಬ್ಬಿಗಳಿವೆ.

ಹಂತ 1: ಮೊದಲ ಎರಡು ದಿನ ಕ್ಯಾಮೆರಾ ಮುಟ್ಟಬೇಡಿ

ಮುಹೂರ್ತದ ಹೊತ್ತಿಗೆ ನಾವು ಎಲ್ಲಿ ನಿಲ್ಲಬೇಕು ಅನ್ನುವುದು ಅಂತರಪಟ ಸರಿಯುವ ಮೊದಲೇ ಗೊತ್ತಿರಬೇಕು. ಜೀರಿಗೆ-ಬೆಲ್ಲ ತಲೆ ಮೇಲೆ ಬಿತ್ತು ಅಂದರೆ ಮುಗಿಯಿತು. ಪುರೋಹಿತರಿಗೆ "ಇನ್ನೊಂದು ಸಲ" ಅನ್ನಲಾಗುವುದಿಲ್ಲ. (ಅನ್ನುವವರೂ ಇದ್ದಾರೆ, ಆ ಮಾತು ಬೇರೆ.)

ಮನೆಯಲ್ಲೂ ದಿನಕ್ಕೆ ಏಳೆಂಟು ಇಂಥ ಹೊತ್ತುಗಳಿವೆ. ಎರಡು ದಿನ ಸುಮ್ನೆ ನೋಡಿ, ನೋಟ್‌ಬುಕ್ಕಿನಲ್ಲಿ ಮೂರು ವಿಷಯ ಬರೆಯಿರಿ: ಏನು, ಎಷ್ಟು ಗಂಟೆಗೆ, ಬೆಳಕು ಯಾವ ಕಡೆಯಿಂದ. ನಮ್ಮ ಮನೆಯ ಪಟ್ಟಿ ಹೀಗಿದೆ. 6:10ಕ್ಕೆ ಬಾಗಿಲಿಗೆ ನೀರು, ರಂಗೋಲಿ. ಬೆಳಕು ಬೀದಿಯಿಂದ. 6:40ಕ್ಕೆ ಅಮ್ಮನ ಕಾಫಿ, ಹಿತ್ತಲ ಮೆಟ್ಟಿಲ ಮೇಲೆ. 7:30ಕ್ಕೆ ಮಗಳಿಗೆ ಎರಡು ಜಡೆ, ಹಾಲ್‌ನ ಕಿಟಕಿ ಪಕ್ಕ. 8:15ಕ್ಕೆ ಸ್ಕೂಲ್ ವ್ಯಾನಿನ ಹಾರ್ನ್. ಹಾರ್ನ್ ಆದ ಮೇಲಿನ ಎರಡು ನಿಮಿಷವೇ ನಮ್ಮ ಮನೆಯ ಮುಹೂರ್ತ. ಒಂದು ಸಾಕ್ಸ್ ಕಾಲಿನಲ್ಲಿ, ಇನ್ನೊಂದು ಕೈಯಲ್ಲಿ, ಟಿಫಿನ್ ಬಾಕ್ಸ್ ಯಾರ ಕೈಯಲ್ಲೋ.

ಸಾಮಾನ್ಯ ತಪ್ಪು: ಹಬ್ಬದ ದಿನವನ್ನು ಆರಿಸುವುದು. ಅವತ್ತು ಎಲ್ಲರೂ ರೇಷ್ಮೆ ಸೀರೆಯಲ್ಲಿ ಇರುತ್ತಾರೆ, ಎಲ್ಲರ ಫೋನೂ ಹೊರಗೆ ಇರುತ್ತದೆ. ಅಂಥ ಫೋಟೊ ನಿಮ್ಮ ಬಳಿ ಈಗಾಗಲೇ ಬೇಕಾದಷ್ಟಿದೆ. ಮಂಗಳವಾರವನ್ನೋ ಬುಧವಾರವನ್ನೋ ಹಿಡಿಯಿರಿ.

ಹಂತ 2: ಮನೆಯವರಿಗೆ ಮೊದಲೇ ಹೇಳಿ

ಕದ್ದು ತೆಗೆದರೆ ಸಹಜವಾಗಿ ಬರುತ್ತದೆ ಅಂತ ತುಂಬಾ ಜನ ನಂಬಿದ್ದಾರೆ. ಒಂದು ಸಲ ಸಿಕ್ಕಿಬಿದ್ದರೆ ಆಮೇಲೆ ಇಡೀ ದಿನ ಎಲ್ಲರೂ ಎಚ್ಚರವಾಗಿರುತ್ತಾರೆ. "ನಾಳೆ ಬೆಳಿಗ್ಗೆಯಿಂದ ನಾನು ಫೋಟೊ ತೆಗೆಯುತ್ತಿರುತ್ತೇನೆ, ನೀವು ನಿಮ್ಮ ಕೆಲಸ ನೋಡಿಕೊಳ್ಳಿ, ಯಾರಿಗೂ ಕಳಿಸುವುದಿಲ್ಲ" ಅನ್ನಿ. ಕೊನೆಯ ಮಾತು ಮುಖ್ಯ. ನೈಟಿಯಲ್ಲಿರುವ ಫೋಟೊ ಫ್ಯಾಮಿಲಿ ಗ್ರೂಪಿಗೆ ಹೋಗಿಬಿಟ್ಟರೆ ಅನ್ನುವ ಭಯದಿಂದಲೇ ಅರ್ಧ ಜನ ಮುಖ ತಿರುಗಿಸುತ್ತಾರೆ. ಮಕ್ಕಳ ಸ್ನಾನದ ಫೋಟೊ ತೆಗೆಯಲೇ ಬೇಡಿ.

ಮೊದಲ ಅರ್ಧ ಗಂಟೆ ಎಲ್ಲರೂ ಕ್ಯಾಮೆರಾ ನೋಡುತ್ತಾರೆ. ಮದುವೆ ಮನೆಯಲ್ಲೂ ಹಾಗೇ. ಆ ಹೊತ್ತಿನಲ್ಲಿ ಸುಮ್ನೆ ಕ್ಲಿಕ್ ಮಾಡುತ್ತಿರಿ, ಅವರಿಗೆ ಬೇಜಾರು ಬರಲಿ. ಬೇಜಾರು ಬಂದ ಮೇಲೆ ಕೆಲಸ ಶುರು.

ಹಂತ 3: ಬೆಳಕನ್ನು ಒಂದೇ ಕಡೆಗೆ ತನ್ನಿ

ಜಾಸ್ತಿ ಜನ ಸೋಲುವುದು ಇಲ್ಲೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಟ್ಯೂಬ್‌ಲೈಟ್ ಆರಿಸಿ. "ಕತ್ತಲಾಗುತ್ತದಲ್ವಾ?" ಅಂತ ಎಲ್ಲರೂ ಕೇಳುತ್ತಾರೆ. ಕಿಟಕಿಯಿಂದ ಹಗಲು ಬೆಳಕು ಒಂದು ಕಡೆ, ಮೇಲಿನಿಂದ ಟ್ಯೂಬ್ ಇನ್ನೊಂದು ಕಡೆ ಬಿದ್ದರೆ ಮುಖದ ಅರ್ಧ ನೀಲಿ, ಅರ್ಧ ಹಳದಿ ಇಲ್ಲವೇ ಹಸಿರಾಗುತ್ತದೆ. ಎರಡು ಬಣ್ಣ ಸೇರಿದ ಮುಖವನ್ನು ಆಮೇಲೆ ಕಂಪ್ಯೂಟರಿನಲ್ಲಿ ಸರಿ ಮಾಡುವುದು ದೊಡ್ಡ ಗೋಳು. ಒಂದೇ ಬೆಳಕು, ಕಡಿಮೆಯಿದ್ದರೂ ಪರವಾಗಿಲ್ಲ.

ಆಮೇಲೆ ನಿಲ್ಲುವ ಜಾಗ. ಕಿಟಕಿಗೆ ಮುಖ ಮಾಡಿ ಕ್ಯಾಮೆರಾ ಹಿಡಿದರೆ ಅಮ್ಮ ಕಪ್ಪು ನೆರಳಾಗುತ್ತಾರೆ. ಕಿಟಕಿ ನಿಮ್ಮ ಭುಜದ ಪಕ್ಕ ಇರಲಿ, ಬೆಳಕು ಅವರ ಕೆನ್ನೆಗೆ ಓರೆಯಾಗಿ ಬೀಳಲಿ. ನೆರಳಿನ ಕಡೆ ತೀರಾ ಕಪ್ಪಾದರೆ ಬಿಳಿ ಪಂಚೆಯನ್ನು ಆ ಕಡೆಯ ಕುರ್ಚಿಗೆ ಇಳಿಬಿಡಿ. ಬೆಳಕು ಪಂಚೆಗೆ ಬಡಿದು ಮುಖಕ್ಕೆ ವಾಪಸ್ ಬರುತ್ತದೆ. ಚೌಟ್ರಿಗೆ ನಾವು ಹೊತ್ತು ತರುವ ರಿಫ್ಲೆಕ್ಟರ್ ಮಾಡುವ ಕೆಲಸವೂ ಇದೇ.

ಗೋಡೆಯ ಬಣ್ಣ ನೋಡಿಕೊಳ್ಳಿ. ನಮ್ಮ ಕಡೆಯ ಮನೆಗಳಲ್ಲಿ ಗಿಳಿ ಹಸಿರು ಗೋಡೆ, ಕೆಂಪು ರೆಡ್ ಆಕ್ಸೈಡ್ ನೆಲ ಸಾಮಾನ್ಯ. ಬಿಸಿಲು ನೇರವಾಗಿ ಗೋಡೆಗೆ ಬಿದ್ದರೆ ಪಕ್ಕದಲ್ಲಿ ಕೂತವರ ದವಡೆ ಹಸಿರಾಗುತ್ತದೆ. ನೆಲಕ್ಕೆ ಬಿದ್ದರೆ ಗಲ್ಲದ ಕೆಳಗೆ ಕೆಂಪು. ಫೋನಿನ ಚಿಕ್ಕ ಪರದೆಯಲ್ಲಿ ಇದು ಕಾಣುವುದಿಲ್ಲ, ಪ್ರಿಂಟ್‌ನಲ್ಲಿ ಎದ್ದು ಕಾಣುತ್ತದೆ. ಬಿಸಿಲಿನಿಂದ ಎರಡು ಅಡಿ ಆಚೆ ಕೂರಿಸಿದರೆ ಸಾಕು.

ಆಷಾಢದ ಮೋಡ ಯಾಕೆ ಒಳ್ಳೆಯದು ಅಂದರೆ, ಮೋಡ ಇಡೀ ಆಕಾಶವನ್ನೇ ಒಂದು ದೊಡ್ಡ ಲೈಟ್ ಮಾಡಿಬಿಡುತ್ತದೆ. ಕಿಟಕಿಯಿಂದ ಬರುವ ಬೆಳಕು ಮೆತ್ತಗಿರುತ್ತದೆ, ಕಣ್ಣಿನ ಕೆಳಗೆ ಗುಳಿ ಬೀಳುವುದಿಲ್ಲ, ಬೆಳಿಗ್ಗೆ ಹತ್ತಕ್ಕೂ ಮಧ್ಯಾಹ್ನ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಬೇಸಿಗೆಯಲ್ಲಾದರೆ ಬೆಳಿಗ್ಗೆ ಒಂಬತ್ತರ ಒಳಗೆ, ಸಂಜೆ ಐದರ ಮೇಲೆ ಕೆಲಸ ಇಟ್ಟುಕೊಳ್ಳಿ.

ರಾತ್ರಿ ಮಾತ್ರ ದೀಪ ಹಾಕಲೇಬೇಕು. ಆಗ ಎಲ್‌ಇಡಿ ಬಲ್ಬುಗಳ ಕಾಟ ಶುರು. ನಮ್ಮ ದೇಶದ ಕರೆಂಟು 50 ಹರ್ಟ್ಸ್, ಹಾಗಾಗಿ ಬಹಳಷ್ಟು ಟ್ಯೂಬು, ಬಲ್ಬುಗಳ ಬೆಳಕು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಗೆ ಗೊತ್ತಾಗುತ್ತದೆ. ಫೋಟೊದಲ್ಲಿ ಅಡ್ಡಡ್ಡ ಕಪ್ಪು ಪಟ್ಟಿ ಬಂದರೆ ಅದೇ ಕಾರಣ. ಶಟರ್, ಅಂದರೆ ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, 1/100 ಅಥವಾ 1/50 ಸೆಕೆಂಡ್‌ಗೆ ಇಡಿ, ಸಾಮಾನ್ಯವಾಗಿ ಪಟ್ಟಿ ಹೋಗುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಶಟರ್ ಇದ್ದರೆ ಆಫ್ ಮಾಡಿ, ಪಟ್ಟಿ ಜಾಸ್ತಿ ಬರುವುದು ಅದರಲ್ಲೇ.

ಹಂತ 4: ಸೆಟ್ಟಿಂಗ್ ಒಮ್ಮೆ ಮಾಡಿ, ಮರೆತುಬಿಡಿ

ಫೋನ್‌ನವರಿಗೆ: ಎಲ್ಲಕ್ಕಿಂತ ಮೊದಲು ಲೆನ್ಸ್ ಒರೆಸಿ. ಅಡುಗೆ ಮನೆಯ ಎಣ್ಣೆ, ಬೆರಳ ಜಿಡ್ಡು ಕೂತರೆ ಎಲ್ಲವೂ ಮಂಜು ಮಂಜು, ದೀಪದಿಂದ ಉದ್ದ ಗೆರೆ. "ಫೋನ್ ಹಾಳಾಗಿದೆ" ಅಂತ ಬಂದವರ ಫೋನನ್ನು ಅಂಗಿಯ ತುದಿಯಲ್ಲಿ ಒರೆಸಿ ಕೊಟ್ಟು ಕಳಿಸಿದ್ದೇನೆ. ಬ್ಯೂಟಿ ಮೋಡ್ ತೆಗೆಯಿರಿ, ಅಜ್ಜಿಯ ಸುಕ್ಕು ಇರಲಿ. ಝೂಮ್ ಮಾಡಬೇಡಿ, ಎರಡು ಹೆಜ್ಜೆ ಮುಂದೆ ಹೋಗಿ. ಬೆಳಕು ಕಡಿಮೆ ಇದ್ದಾಗ 2 ಎಕ್ಸ್ ಒತ್ತಿದರೂ ಹಲವು ಫೋನ್‌ಗಳು ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ಕೊಡುತ್ತವೆ. 0.5 ಎಕ್ಸ್‌ನಲ್ಲಿ ಅಂಚಿನಲ್ಲಿ ನಿಂತವರ ತಲೆ ಹಿಗ್ಗುತ್ತದೆ, ಅದನ್ನು ಖಾಲಿ ಕೋಣೆಗೆ ಮಾತ್ರ ಬಳಸಿ. ಮುಖದ ಮೇಲೆ ಬೆರಳೊತ್ತಿ ಹಿಡಿದರೆ ಫೋಕಸ್ ಲಾಕ್ ಆಗುತ್ತದೆ, ಆಮೇಲೆ ಪರದೆಯಲ್ಲಿ ಕಾಣುವ ಬೆಳಕಿನ ಗುರುತನ್ನು ಒಂಚೂರು ಕೆಳಗೆ ಎಳೆಯಿರಿ. ನೈಟ್ ಮೋಡ್ ಹಲವು ಫೋಟೊಗಳನ್ನು ಸೇರಿಸಿ ಒಂದು ಮಾಡುತ್ತದೆ, ಆದ್ದರಿಂದ ಓಡುವ ಮಕ್ಕಳಿಗೆ ಅದು ನಡೆಯುವುದಿಲ್ಲ.

ಕ್ಯಾಮೆರಾದವರಿಗೆ: ಅಪರ್ಚರ್ (ಲೆನ್ಸ್‌ನ ಕಿಂಡಿ) ಎಫ್ 2 ಅಥವಾ 2.8. ಶಟರ್ ಕೂತು ಪೇಪರ್ ಓದುವ ಅಪ್ಪನಿಗೆ 1/100, ರೊಟ್ಟಿ ತಟ್ಟುವ ಕೈಗೆ 1/250, ಓಡುವ ಮಗುವಿಗೆ 1/500. ಐಎಸ್‌ಒ (ಕ್ಯಾಮೆರಾ ಬೆಳಕನ್ನು ಎಷ್ಟು ಹಿಗ್ಗಿಸುತ್ತದೆ ಅನ್ನುವ ಅಳತೆ) ಆಟೊದಲ್ಲಿರಲಿ, ಗರಿಷ್ಠ 6400. "ನಾಯ್ಸ್ ಬರುತ್ತದೆ" ಅಂತ ಹೆದರಿ ಐಎಸ್‌ಒ 400ಕ್ಕೆ ಕಟ್ಟಿಹಾಕುವವರ ಫೋಟೊಗಳೇ ಅಲುಗಿರುವುದು. ಕಾಳು ಕಾಳಾದ ಫೋಟೊ ಪ್ರಿಂಟ್‌ನಲ್ಲಿ ಒಪ್ಪುತ್ತದೆ, ಅಲುಗಿದ ಕಣ್ಣು ಒಪ್ಪುವುದಿಲ್ಲ.

ಇಬ್ಬರಿಗೂ: ಗಡಿಯಾರ, ದಿನಾಂಕ ಸರಿ ಇದೆಯೇ ನೋಡಿ. ಎರಡು ಕ್ಯಾಮೆರಾದ ಮದುವೆಯಲ್ಲಿ ಒಂದರ ಗಡಿಯಾರ ತಪ್ಪಿದ್ದರೆ ಊಟದ ಫೋಟೊ ತಾಳಿಯ ಮೊದಲು ಬಂದು ಕೂರುತ್ತದೆ.

ಹಂತ 5: ಮೂರು ದೂರದಿಂದ ತೆಗೆಯಿರಿ

ಮಾಂಗಲ್ಯಧಾರಣೆಗೆ ನಮ್ಮಲ್ಲಿ ಮೂರು ಫೋಟೊ ಕಡ್ಡಾಯ. ಇಡೀ ಮಂಟಪ, ಇಬ್ಬರ ಮುಖ, ಗಂಟು ಹಾಕುವ ಬೆರಳು. ಮನೆಯ ಪ್ರತಿ ಹೊತ್ತಿಗೂ ಇದೇ ಲೆಕ್ಕ ಇಟ್ಟುಕೊಳ್ಳಿ.

ಮೊದಲು ದೂರದಿಂದ, ಬಾಗಿಲ ಚೌಕಟ್ಟಿನ ಆಚೆ ನಿಂತು. ಇಡೀ ಅಡುಗೆ ಮನೆ ಬರಲಿ. ಗೋಡೆಯ ಕ್ಯಾಲೆಂಡರ್, ಮಿಕ್ಸಿ, ಹಾಲಿನ ಪಾತ್ರೆ, ಮೊಳೆಗೆ ನೇತಾಕಿದ ಚೀಲ ಎಲ್ಲವೂ. ತೆಗೆಯುವ ಮೊದಲು ಕಟ್ಟೆ ಒರೆಸಿ ಸಾಮಾನು ಜೋಡಿಸಬೇಡಿ. ನಾಲ್ಕು ವರ್ಷದ ಮೇಲೆ ಜನ ಮುಖಕ್ಕಿಂತ ಮೊದಲು ನೋಡುವುದು "ಅಯ್ಯೋ, ಆ ಹಳೇ ಕುಕ್ಕರ್!" ಅನ್ನುವುದನ್ನು. ಎರಡನೆಯದು ಸೊಂಟದಿಂದ ಮೇಲೆ, ಮುಖ ಮತ್ತು ಕೆಲಸ ಎರಡೂ ಕಾಣುವಂತೆ. ಮೂರನೆಯದು ಬರೀ ಕೈ. ಹೂ ಕಟ್ಟುವ ಬೆರಳು, ಜಡೆಗೆ ರಿಬ್ಬನ್ ಸುತ್ತುವ ಕೈ, ಕನ್ನಡಕ ಒರೆಸುವ ಅಜ್ಜನ ಹೆಬ್ಬೆರಳು.

ಎತ್ತರವೂ ಮುಖ್ಯ. ನೆಲದಲ್ಲಿ ಕೂತವರನ್ನು ನಿಂತು ತೆಗೆದರೆ ಬರೀ ಬೈತಲೆ ಕಾಣುತ್ತದೆ. ನೀವೂ ಕೂರಿ. ಮಗುವಿಗಾದರೆ ಬೋರಲು ಮಲಗಿ.

ಆಮೇಲೆ ಕಾಯಿರಿ. ಒಗ್ಗರಣೆ ಫೋಟೊ ಬೇಕೆಂದರೆ ಸಾಸಿವೆ ಹಾಕುವ ಮೊದಲೇ ಫೋಕಸ್ ಮಾಡಿ ನಿಂತಿರಬೇಕು, ಚಟಪಟ ಕೇಳಿದ ಮೇಲೆ ಫೋನ್ ಹುಡುಕಿದರೆ ಹೊಗೆ ಮಾತ್ರ ಸಿಗುತ್ತದೆ. ಲೆನ್ಸ್ ಒಗ್ಗರಣೆಗಿಂತ ಎರಡು ಅಡಿ ದೂರ ಇರಲಿ. ನಗುವಿನ ಫೋಟೊಗೂ ಒಂದು ಗುಟ್ಟಿದೆ. ನಗು ಮುಗಿಯುವವರೆಗೆ ಕ್ಯಾಮೆರಾ ಇಳಿಸಬೇಡಿ. ನಕ್ಕು ಮುಗಿಸಿ ಉಸಿರು ಬಿಡುವಾಗ ಬರುವ ಮುಖ ನಗುವಿಗಿಂತ ಚೆನ್ನಾಗಿರುತ್ತದೆ.

ಎಚ್ಚರಿಕೆಯ ಸೂಚನೆಗಳು: ಪ್ರತಿ ಫೋಟೊ ಆದಮೇಲೆ ನೀವು ಪರದೆ ನೋಡುತ್ತಿದ್ದರೆ ಮುಂದಿನದು ತಪ್ಪುತ್ತಿದೆ ಅಂತ ಅರ್ಥ. ಹತ್ತು ನಿಮಿಷದಲ್ಲಿ ಮೂರು ಸಲ "ಸ್ವಲ್ಪ ಈ ಕಡೆ ತಿರುಗಿ" ಅಂದಿದ್ದರೆ ನೀವು ನಿಂತ ಜಾಗ ತಪ್ಪು, ಅವರಲ್ಲ. ಮಕ್ಕಳು ಕ್ಯಾಮೆರಾ ಕಂಡು ಕೋತಿಚೇಷ್ಟೆ ಶುರು ಮಾಡಿದರೆ ಕೆಳಗಿಡಿ, ಐದು ನಿಮಿಷ ಅವರ ಜೊತೆ ಆಡಿ ಬನ್ನಿ.

ಹಂತ 6: ಫೋಟೊ ತೆಗೆಯುವವರೂ ಫೋಟೊದಲ್ಲಿರಲಿ

ನನ್ನ ಮಗಳ ಮೊದಲ ಮೂರು ವರ್ಷದ ಆಲ್ಬಂ ನೋಡಿದರೆ ಅವಳಿಗೆ ಅಪ್ಪನೇ ಇಲ್ಲ ಅನ್ನಿಸುತ್ತದೆ. ಹೆಂಡತಿ ತಮಾಷೆಯಾಗಿ ಹೇಳಿದಳು, ನನಗೆ ತಮಾಷೆ ಅನ್ನಿಸಲಿಲ್ಲ.

ದಿನದ ಎರಡು ಹೊತ್ತುಗಳನ್ನು ಇನ್ನೊಬ್ಬರ ಕೈಗೆ ಕೊಡಿ. ಬೆಳಕು, ಜಾಗ ನೀವೇ ನೋಡಿ ಇಡಿ, ಒತ್ತುವುದು ಮಾತ್ರ ಅವರು. ಹತ್ತು ವರ್ಷದ ಮಕ್ಕಳು ಇದನ್ನು ಚೆನ್ನಾಗಿ ಮಾಡುತ್ತಾರೆ. ಅವರ ಎತ್ತರದಿಂದ ಮನೆ ಬೇರೆಯೇ ಕಾಣುತ್ತದೆ. ಯಾರೂ ಇಲ್ಲದಿದ್ದರೆ ಫೋನನ್ನು ಅಕ್ಕಿ ಡಬ್ಬಿಗೆ ಒರಗಿಸಿ, 10 ಸೆಕೆಂಡಿನ ಟೈಮರ್ ಹಾಕಿ, ಊಟಕ್ಕೆ ಕೂತುಬಿಡಿ. ಸೆಲ್ಫಿ ಲೆಕ್ಕಕ್ಕಿಲ್ಲ. ಅದರಲ್ಲಿ ಮುಖ ಇರುತ್ತದೆ, ಮನೆ ಇರುವುದಿಲ್ಲ.

ಹಂತ 7: ಅದೇ ರಾತ್ರಿ ಕಾಪಿ ಮಾಡಿ

ಒಂದು ಮದುವೆಯ ಹಿಂದಿನ ಸಂಜೆ ಅಪ್ಪ ಅಂಗಳದಲ್ಲಿ ಸೈಕಲ್ ಒರೆಸುತ್ತಿದ್ದರು. ಒಳ್ಳೆಯ ಬೆಳಕಿತ್ತು. ಇಪ್ಪತ್ತು ಫೋಟೊ ತೆಗೆದೆ. ಬೆಳಿಗ್ಗೆ ನಾಲ್ಕಕ್ಕೆ ಚೌಟ್ರಿಗೆ ಹೊರಡುವ ಆತುರದಲ್ಲಿ ಅದೇ ಕಾರ್ಡನ್ನು ಫಾರ್ಮ್ಯಾಟ್ ಮಾಡಿ ಪೂರ್ತಿ ಅಳಿಸಿಬಿಟ್ಟೆ. ಆ ಕ್ಷಣದಲ್ಲೇ ನೆನಪಾಗಿದ್ದರೆ ರಿಕವರಿ ಸಾಫ್ಟ್‌ವೇರ್‌ನಿಂದ ಬಹುಶಃ ಸಿಗುತ್ತಿತ್ತು. ನೆನಪಾದದ್ದು ಸಂಜೆ, ಕಾರ್ಡಿನ ಮೇಲೆ ಬೇರೆಯವರ ಮಗಳ ಧಾರೆ ತುಂಬಿಕೊಂಡ ಮೇಲೆ. ಈಗ ಮನೆಗೆಂದು ಬೇರೆ ಕಾರ್ಡ್ ಇದೆ, ಅದಕ್ಕೆ ಕೆಂಪು ಟೇಪ್ ಅಂಟಿಸಿದ್ದೇನೆ. ನಿಮಗೂ ಹೀಗಾದರೆ ಮೊದಲು ಕಾರ್ಡನ್ನು ಹೊರಗೆ ತೆಗೆದು ಎತ್ತಿಡಿ, ಅದರ ಮೇಲೆ ಒಂದೂ ಹೊಸ ಫೋಟೊ ತೆಗೆಯಬೇಡಿ.

ಕ್ರಮ ಇಷ್ಟೇ. ಮೂರು ಕಡೆ ಇರಬೇಕು: ಫೋನ್ ಅಥವಾ ಕಂಪ್ಯೂಟರ್, ಹಾರ್ಡ್ ಡಿಸ್ಕ್, ಮನೆಯಿಂದ ಆಚೆ ಇನ್ನೊಂದು. ಆಚೆಯದು ಕ್ಲೌಡ್ ಆಗಿರಬಹುದು, ತಂಗಿಯ ಮನೆಯ ಬೀರು ಆಗಿರಬಹುದು. ಹಳೆಯ ಸಿಡಿ, ಡಿವಿಡಿ ಇದ್ದರೆ ಅವು ಕಂಪ್ಯೂಟರಿನಲ್ಲಿ ಇನ್ನೂ ತೆರೆಯುತ್ತಿರುವಾಗಲೇ ಕಾಪಿ ಮಾಡಿಕೊಳ್ಳಿ.

ಗೂಗಲ್ ಫೋಟೋಸ್ ನಂಬಿದವರಿಗೆ ಎರಡು ಮಾತು. 2021ರ ಜೂನ್ 1ರಿಂದ ಅಲ್ಲಿ ಮಿತಿಯಿಲ್ಲದ ಉಚಿತ ಲೆಕ್ಕ ಮುಗಿದಿದೆ, ಉಚಿತವಾಗಿ ಸಿಗುವುದು ಸಾಮಾನ್ಯವಾಗಿ ಜಿಮೇಲ್ ಸೇರಿ 15 ಜಿಬಿ ಮಾತ್ರ. ತುಂಬಿದ ಮೇಲೆ ಬ್ಯಾಕಪ್ ನಿಂತುಬಿಡುತ್ತದೆ, ನಾವು ಆ ಸೂಚನೆಯನ್ನು ಪಕ್ಕಕ್ಕೆ ತಳ್ಳಿ ಮುಂದೆ ಹೋಗುತ್ತೇವೆ. ಇನ್ನೊಂದು, ಫೋನಲ್ಲಿ ಜಾಗ ಮಾಡಲು ಆ ಆ್ಯಪ್‌ನಲ್ಲೇ ಫೋಟೊ ಅಳಿಸಿದರೆ ಕ್ಲೌಡ್‌ನಿಂದಲೂ ಹೋಗುತ್ತದೆ. ಫೋನಿನಲ್ಲಿ ಜಾಗ ಖಾಲಿ ಮಾಡುವ ಆಯ್ಕೆ ಅಲ್ಲೇ ಬೇರೆ ಇದೆ, ಅದನ್ನು ಬಳಸಿ.

ಹಂತ 8: ವಾರ ಬಿಟ್ಟು ಆರಿಸಿ

ಅವತ್ತೇ ಆರಿಸಲು ಕೂತರೆ ಎಲ್ಲವೂ ಚೆಂದ, ಇಲ್ಲವೇ ಎಲ್ಲವೂ ಹಾಳು ಅನ್ನಿಸುತ್ತದೆ. ಒಂದು ವಾರ ಬಿಡಿ. ಇನ್ನೂರು ಫೋಟೊ ತೆಗೆದಿದ್ದರೆ ಇಪ್ಪತ್ತೈದು ಉಳಿಸಿ. ಒಂದು ಹೊತ್ತಿಗೆ ಮೂರಕ್ಕಿಂತ ಜಾಸ್ತಿ ಬೇಡ.

ಕೈ ಅಲುಗಿದ್ದರೆ ಇರಲಿ, ಕಣ್ಣು ಅಲುಗಿದ್ದರೆ ಬಿಡಿ. ಕಣ್ಣು ಮುಚ್ಚಿ ನಕ್ಕಿದ್ದರೆ ಖಂಡಿತ ಇಟ್ಟುಕೊಳ್ಳಿ. ಇನ್ನೂ ಒಂದು ಕೆಲಸ ಮಾಡಿ, ಮನೆಯಲ್ಲಿ ಇರುವ ಪ್ರತಿಯೊಬ್ಬರೂ ಕನಿಷ್ಠ ಒಂದರಲ್ಲಿ ಒಬ್ಬರೇ ಇದ್ದಾರೆಯೇ ಅಂತ ಎಣಿಸಿ. ಆ ಮೂರನೇ ಸಾಲಿನ ಅಮ್ಮನ ಕಥೆ ಶುರುವಾಗುವುದು ಈ ಎಣಿಕೆ ತಪ್ಪಿದಲ್ಲಿ.

ಹಂತ 9: ಪ್ರಿಂಟ್ ಹಾಕಿಸಿ

ಲ್ಯಾಬಿಗೆ ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ, ಅದು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ ಅಥವಾ ಪೆನ್‌ಡ್ರೈವ್ ಕೊಡಿ.

ಅಳತೆಯ ಲೆಕ್ಕ ಸುಲಭ, ಇಂಚಿಗೆ 300 ಪಿಕ್ಸೆಲ್. 4×6ಕ್ಕೆ 1200×1800 ಬೇಕು. 12 ಮೆಗಾಪಿಕ್ಸೆಲ್‌ನ ಫೋಟೊ 10×13 ಇಂಚಿನವರೆಗೆ ನಿಶ್ಚಿಂತೆಯಾಗಿ ಬರುತ್ತದೆ. ಆದರೆ ಫೋನಿನ ಫೋಟೊ 4:3, 4×6 ಕಾಗದ 3:2. ಅಂದರೆ ಲ್ಯಾಬಿನ ಯಂತ್ರ ಉದ್ದನೆಯ ಎರಡು ಅಂಚು ಕತ್ತರಿಸುತ್ತದೆ. ಅಡ್ಡ ಫೋಟೊದಲ್ಲಿ ನಿಂತವರ ನೆತ್ತಿ ಹೋಗುವುದು ಹೀಗೆ. ತೆಗೆಯುವಾಗಲೇ ತಲೆಯ ಮೇಲೆ ಜಾಗ ಬಿಡಿ, ಇಲ್ಲವೇ ನೀವೇ 3:2ಕ್ಕೆ ಕತ್ತರಿಸಿ ಕೊಡಿ. ಮದುವೆಯ ಹಾಗೆ 12×36ರ ಹಾಳೆಯಲ್ಲಿ ಆಲ್ಬಂ ಮಾಡಿಸುವುದಾದರೆ ನಡುವಿನ ಮಡಿಕೆಯ ಮೇಲೆ ಯಾರ ಮುಖವೂ ಬರದಂತೆ ನೋಡಿ. ಮನೆಯ ಫೋಟೊಗೆ ಅಷ್ಟು ದೊಡ್ಡದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಬೀರು ಸೇರಿದ ಆಲ್ಬಮ್ಮನ್ನು ಯಾರೂ ತೆಗೆಯುವುದಿಲ್ಲ. 4×6ರ ಇಪ್ಪತ್ತೈದು ಮ್ಯಾಟ್ ಪ್ರಿಂಟ್, ಜೇಬಿನಂಥ ಪ್ಲಾಸ್ಟಿಕ್ ಹಾಳೆಯ ಚಿಕ್ಕ ಆಲ್ಬಂ ಟಿವಿ ಪಕ್ಕದಲ್ಲಿರಲಿ. ಗ್ಲಾಸಿ ಬೇಡ, ಬೆರಳಚ್ಚು ಕಾಣುತ್ತದೆ. ಅಂಟು ಹಾಳೆಯ ಆಲ್ಬಂ ಅಂತೂ ಬೇಡವೇ ಬೇಡ, ಕಾಲ ಕಳೆದಂತೆ ಅಂಟು ಹಳದಿಯಾಗಿ ಫೋಟೊ ಕಿತ್ತು ಬರುವುದಿಲ್ಲ.

ಮಲೆನಾಡು, ಕರಾವಳಿಯವರು ಫ್ರೇಮ್ ಹಾಕಿಸುವಾಗ ಗಾಜಿಗೂ ಫೋಟೊಗೂ ನಡುವೆ ಮೌಂಟ್ (ಅಂತರ ಬಿಡುವ ದಪ್ಪ ರಟ್ಟಿನ ಚೌಕಟ್ಟು) ಕೇಳಿ. ಥಂಡಿಗೆ ಫೋಟೊ ಗಾಜಿಗೆ ಅಂಟಿಕೊಳ್ಳುತ್ತದೆ. ಈಗಾಗಲೇ ಅಂಟಿದ್ದರೆ ಕೀಳಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ.

ಕೊನೆಗೆ ಪ್ರತಿ ಪ್ರಿಂಟ್ ಹಿಂದೆ ದಿನಾಂಕ, ಹೆಸರು, ಮನೆ ಇದ್ದ ಬೀದಿ ಬರೆಯಿರಿ. ಬಾಲ್ ಪೆನ್ ಒತ್ತಿ ಬರೆದರೆ ಫೋಟೊದ ಮುಂಭಾಗದಲ್ಲಿ ಗೀರು ಏಳುತ್ತದೆ. ಈಗಿನ ಕಾಗದದ ಹಿಂಭಾಗ ಪ್ಲಾಸ್ಟಿಕ್ಕಿನಂತಿರುವುದರಿಂದ ಪೆನ್ಸಿಲ್ ಜಾರುತ್ತದೆ. ಸಣ್ಣ ತುದಿಯ ಪರ್ಮನೆಂಟ್ ಮಾರ್ಕರ್ ಸರಿ. ಬರೆದು ತಕ್ಷಣ ಒಂದರ ಮೇಲೊಂದು ಇಡಬೇಡಿ, ಹತ್ತು ನಿಮಿಷ ಹಾಸಿಗೆಯ ಮೇಲೆ ಹರಡಿ ಒಣಗಲು ಬಿಡಿ. ಅಷ್ಟರಲ್ಲಿ ಮನೆಯವರೆಲ್ಲ ಬಂದು ಸುತ್ತ ನಿಂತಿರುತ್ತಾರೆ. ಫ್ಯಾನ್ ಆಫ್ ಮಾಡಿಕೊಳ್ಳಿ.